ಅಳತೆ ನೋಡಿದ ಹುಲಿ

ಕಂಪ್ಲಿಯ ಅಕ್ಕಿ ಗಿರಣಿಯ ದೊಡ್ಡಬಸಪ್ಪನವರು ಮಗನಿಗೆ ಮೂಕಣ್ಣ ಎಂದು ಹೆಸರಿಟ್ಟದ್ದು ಮನೆದೇವರ ನೆನಪಿಗೆ. ಹುಡುಗ ಮಾತು ಕಲಿತ ಮೇಲೆ ಆ ಹೆಸರು ಕೂಗುವಾಗಲೆಲ್ಲ ಅಕ್ಕಪಕ್ಕದವರು ನಗುತ್ತಿದ್ದರು. ಅವನು ಬಾಯಿ ಮುಚ್ಚಿದ್ದೇ ಅಪರೂಪ. ಅದರಲ್ಲೂ ಚಿತ್ರದ ಮಾತು ಬಂದರೆ ಕೇಳುವವರ ಗತಿ ಮುಗಿಯಿತು. ಹದಿನೈದರ ವಯಸ್ಸು, ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿತ್ತು. ಆದರೆ ಈ ಭೂಮಿಯ ಮೇಲೆ ಚಿತ್ರ ಬರೆಯಬಲ್ಲವರು ಯಾರು, ಬರೆಯಲಾರದವರು ಯಾರು ಎಂಬುದು ಅವನಿಗೆ ಆಗಲೇ ಇತ್ಯರ್ಥವಾಗಿತ್ತು. ಬರೆಯಬಲ್ಲವರಲ್ಲಿ ಮೊದಲನೆಯವನು ಅವನೇ.

ಇದು ಇಂಗ್ಲಿಷರ ಕಾಲದ ಮಾತು, ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದಾಗಿನದು. ಹೈಸ್ಕೂಲು ಓದಲೆಂದು ದೊಡ್ಡಬಸಪ್ಪನವರು ಮಗನನ್ನು ತಾವೇ ಹೊಸಪೇಟೆಯ ಶಾಲೆಗೆ ಸೇರಿಸಿ, ಮೇಷ್ಟ್ರುಗಳನ್ನೆಲ್ಲ ಕಂಡು, ಅಲ್ಲೇ ಇದ್ದ ತಂಗಿ ನೀಲಗಂಗಮ್ಮನ ಮನೆಯಲ್ಲಿ ಬಿಟ್ಟಿದ್ದರು. ನೀಲಗಂಗಮ್ಮ ಅಣ್ಣನ ಮಗ ಎಂದು ಪ್ರೀತಿಯಿಂದಲೇ ಒಳಗೆ ಕರೆದುಕೊಂಡಳು, ಪಾಪ. ಆರು ತಿಂಗಳಲ್ಲಿ ಅವಳ ಮನೆಯ ಗೋಡೆಗಳಲ್ಲಿ ಖಾಲಿ ಜಾಗ ಉಳಿಯಲಿಲ್ಲ. ಇದ್ದಿಲು, ಕೆಮ್ಮಣ್ಣು, ಅರಿಶಿನ, ಕೈಗೆ ಸಿಕ್ಕಿದ್ದರಲ್ಲಿ ಬರೆಯುತ್ತಿದ್ದ. ಹಬ್ಬಕ್ಕೆಂದು ಸುಣ್ಣ ಬಳಿಸಿದ ಗೋಡೆಯ ಮೇಲೆ ಒಣಗುವ ಮೊದಲೇ ಒಂದು ಆನೆ ಬಂದು ನಿಂತಿತ್ತು, ಅದಕ್ಕೆ ಆರು ಕಾಲು.

"ಆನಿಗೆ ಆರು ಕಾಲು ಯಾರ ಕೊಟ್ಟಾರಲೇ?" ಎಂದು ಅತ್ತೆ ಕೇಳಿದಳು.

"ಅದು ನಡಿಯಾಕತ್ತೈತಿ ಅತ್ತಿ. ನಡಿಯೋವಾಗ ಕಾಲು ಹೆಚ್ಚಿಗಿ ಕಾಣ್ತಾವ."

"ಹಂಗಾದ್ರ ನಾ ನಡಿಯೋವಾಗ ನನಗೂ ನಾಕು ಕಾಲು ಬರೀತಿಯೇನು?"

ಮೂಕಣ್ಣ ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿ ನಿಜವಾಗಿಯೂ ಯೋಚಿಸಿದ. "ನೀ ಭಾಳ ಜಲ್ದಿ ನಡೀತಿ ಅತ್ತಿ, ನಾಕು ಸಾಲಂಗಿಲ್ಲ" ಎಂದ. ಅವಳ ಕೈಯಲ್ಲಿ ಮುಗುಚುವ ಕೈ ಇತ್ತು. ಅದು ಬೀಳುವಷ್ಟರಲ್ಲಿ ಅವನು ಬೀದಿಯಲ್ಲಿದ್ದ.

ಭಾನುವಾರ ಬಂತೆಂದರೆ ಹಂಪಿ ಕಡೆಗೆ ಹೊರಟ ಯಾವುದಾದರೂ ಗಾಡಿಯ ಹಿಂದೆ ಹತ್ತಿಕೊಂಡು ಹೋಗಿಬಿಡುತ್ತಿದ್ದ. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಕೂತು ಮಂಡಕ್ಕಿ ತಿಂದು, ಗುಡಿಗುಡಿ ಸುತ್ತಿ ಕಂಬಗಳನ್ನು ನೋಡುತ್ತಿದ್ದ. ನೋಡಿ ನೋಡಿ ಅವನೊಂದು ಸಿದ್ಧಾಂತ ಕಟ್ಟಿದ್ದ. ಹಂಪಿಯ ಶಿಲ್ಪಿಗಳು ಆನೆಯನ್ನು ಕಣ್ಣಾರೆ ಕಂಡಿದ್ದರು, ಅದಕ್ಕೇ ಅವರ ಆನೆ ಬರೀ ಆನೆಯ ಹಾಗಿದೆ. ಸಿಂಹದ ಮೈಗೆ ಕೋರೆಹಲ್ಲು ಹಚ್ಚಿದ ಆ ಕಲ್ಲಿನ ಯಾಳಿಯನ್ನು ಯಾರೂ ಕಂಡಿರಲಿಲ್ಲ, ಅದಕ್ಕೇ ಯಾಳಿಯನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ನೋಡದೆ ಬರೆದದ್ದೇ ಚಿತ್ರ, ನೋಡಿ ಬರೆದದ್ದು ನಕಲು. ಈ ಸಿದ್ಧಾಂತವನ್ನು ಅವನು ಗಾಡಿ ಹೊಡೆಯುವವರಿಗೆ, ಬಾಳೆಹಣ್ಣು ಮಾರುವವರಿಗೆ, ಕೊನೆಗೆ ಗುಡಿಯ ಆನೆಗೂ ವಿವರಿಸಿದ್ದ. ಆನೆ ಒಂದೇ ಎದುರು ಮಾತಾಡದೆ ಕೇಳಿತ್ತು.

ಆಮೇಲೆ ಒಮ್ಮೆ ನೆಂಟರ ಮದುವೆಗೆಂದು ಸಂಡೂರಿಗೆ ಹೋದಾಗ, ಮ್ಯಾಂಗನೀಸ್ ಗಣಿಯ ಗುತ್ತಿಗೆದಾರರೊಬ್ಬರ ಪಡಸಾಲೆಯಲ್ಲಿ ಹೊಟ್ಟೆಗೆ ಹುಲ್ಲು ತುಂಬಿ ನಿಲ್ಲಿಸಿದ್ದ ನಿಜವಾದ ಹುಲಿಯನ್ನು ಕಂಡ. ಸುತ್ತಲೂ ಮೂರು ಸಲ ತಿರುಗಿ ನೋಡಿದ. ಬಗ್ಗಿಯೂ ನೋಡಿದ. ಅವನಿಗೆ ಬಹಳ ಬೇಸರವಾಯಿತು. "ಹೊಟ್ಟಿ ಕೆಳಗ ಪಟ್ಟಿ ಪೂರ್ತಿ ಮಾಡೇ ಇಲ್ಲ. ಅರ್ಧಕ್ಕ ಬಿಟ್ಟಾರ" ಎಂದು ಮದುವೆ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಸೃಷ್ಟಿಕರ್ತನ ಕೆಲಸದಲ್ಲೇ ಕೊರತೆ ಕಂಡವನಿಗೆ ಇನ್ನು ಶಾಲೆಯ ಡ್ರಾಯಿಂಗ್ ಮೇಷ್ಟ್ರು ಯಾವ ಲೆಕ್ಕ?

ಆ ಮೇಷ್ಟ್ರ ಹೆಸರು ಉಜ್ಜಿನಪ್ಪ. ಮದ್ರಾಸಿಗೆ ಹೋಗಿ ಕಲಿತು ಬಂದವರು. ಕರಿ ಕೋಟು, ಮಡಿಚಿದ ರುಮಾಲು, ಮಾತು ಕಡಿಮೆ. ಅವರಿಗೊಂದು ಅಭ್ಯಾಸವಿತ್ತು. ಎದುರಿಗೆ ಯಾವುದೇ ವಸ್ತು ಅಲುಗಾಡದೆ ನಿಂತರೆ ಸಾಕು, ಎಡಗಣ್ಣು ಮುಚ್ಚಿ, ಬಲಗೈಯನ್ನು ಉದ್ದಕ್ಕೆ ಚಾಚಿ, ಹೆಬ್ಬೆರಳು ನಿಲ್ಲಿಸಿ ಅದರ ಅಳತೆ ನೋಡುತ್ತಿದ್ದರು. ಹೂಜಿ ಆಗಲಿ, ಕುರ್ಚಿ ಆಗಲಿ, ಬಾಗಿಲಲ್ಲಿ ನಿಂತ ಹೆಡ್‌ಮಾಸ್ತರೇ ಆಗಲಿ. ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವಾಗಲೂ ಹೀಗೇ ಮಾಡುತ್ತಾರೆಂದು ಹುಡುಗರು ಹೇಳುತ್ತಿದ್ದರು. ಅವರ ಮಂತ್ರ ಒಂದೇ: ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಬೆಳಕು ಎಡದಿಂದ, ನೆರಳು ಬಲಕ್ಕೆ.

ವರ್ಷವಿಡೀ ಅವರ ಮೇಜಿನ ಮೇಲೆ ಒಂದೇ ಮಣ್ಣಿನ ಹೂಜಿ ಕೂತಿರುತ್ತಿತ್ತು. ಎಲ್ಲರೂ ಅದನ್ನು ಬರೆಯಬೇಕು. ಮೂಕಣ್ಣನ ಹೂಜಿಗೆ ಒಂದು ವಾರ ಕಣ್ಣು ಬಂದವು, ಮರುವಾರ ಮೀಸೆ ಬಂತು, ಅದರ ಮುಂದಿನ ವಾರ ಹೊಟ್ಟೆಯೊಳಗೆ ಒಂದು ಕಪ್ಪೆ ಕಾಣಿಸಿತು.

"ಕಪ್ಪಿ ಎಲ್ಲೈತಲೇ ಇಲ್ಲಿ?" ಎಂದರು ಮೇಷ್ಟ್ರು.

"ಒಳಗ ಇರಬೌದಲ್ರಿ."

"ಎದುರಿಗೆ ಕಂಡದ್ದು ಬರಿ ಅಂದ್ರ ಬರಿಯಾಕ ಏನ್ ತ್ರಾಸು ನಿನಗ?"

"ಹೂಜಿ ಎದುರಿಗೇ ಕುಂತೈತಲ್ರಿ. ಬೇಕಾದೋರು ಅದನ್ನ ನೋಡ್ತಾರ. ಮತ್ತ್ಯಾಕ ಬರೀಬೇಕು?"

ಕ್ಲಾಸು ನಕ್ಕಿತು. ಹಿಂದಿನ ಬೆಂಚಿನ ಗಾಳೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವನಿಗೆ ಚಿತ್ರ ಗೊತ್ತಿರಲಿಲ್ಲ, ಗದ್ದಲ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರು ಮಾತ್ರ ನಗಲಿಲ್ಲ. "ಮುಂದಿನ ತಿಂಗಳು ಸರ್ಕಾರಿ ಡ್ರಾಯಿಂಗ್ ಪರೀಕ್ಷಿ ಐತಿ. ಅಲ್ಲಿ ಕಪ್ಪಿ ಬರದ್ರ ನನ್ನ ಮಾನ ಹೋಗ್ತೈತಿ. ನಿನ್ನ ಹೆಸರು ಕಳಸಂಗಿಲ್ಲ" ಎಂದುಬಿಟ್ಟರು.

ಮೂಕಣ್ಣನ ನಗು ಅಲ್ಲಿಗೇ ನಿಂತಿತು. ಏಕೆಂದರೆ ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪ ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ ಖಡಾಖಂಡಿತವಾಗಿ ಹೇಳಿದ್ದರು: "ಸರ್ಕಾರದ ಮುದ್ರಿ ಇರೋ ಕಾಗದ ಒಂದು ತಂದು ತೋರ್ಸು. ಆಮ್ಯಾಲೆ ನೀ ಎಲ್ಲಿ ಏನು ಬರದ್ರೂ ನಾ ಅಡ್ಡ ಬರಂಗಿಲ್ಲ. ತರಲಿಲ್ಲೋ, ಬ್ಯಾಸಿಗಿಗೆ ಗಿರಣಿಗೆ ಬಾ, ಚೀಲ ತೂಕ ಹಾಕು." ದೊಡ್ಡಬಸಪ್ಪನವರು ಆಡಿದ ಮಾತಿನಿಂದ ಹಿಂದೆ ಸರಿಯುವ ಪೈಕಿಯಲ್ಲ. ಹೆಸರೇ ಹೋಗದಿದ್ದರೆ ಪರೀಕ್ಷೆ ಎಲ್ಲಿಯದು, ಮುದ್ರೆ ಎಲ್ಲಿಯದು? ಮೂಕಣ್ಣನಿಗೆ ಕಿವಿಯಲ್ಲಿ ಗಿರಣಿಯ ಸದ್ದು ಕೇಳತೊಡಗಿತು. ಆ ಸದ್ದಿನ ನಡುವೆ ಮುದುಕನಾಗುವ ತನ್ನನ್ನು ನೆನೆದು ಅವನಿಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಮೊಹರಂ ಬಂತು. ಅಲಾಯಿ ಹಬ್ಬವೆಂದರೆ ಹೊಸಪೇಟೆಯಲ್ಲಿ ಎಲ್ಲ ಓಣಿಯವರ ಹಬ್ಬ. ಹಬ್ಬಕ್ಕೆ ಕೂರಿಸುವ ಪೀರಲ ದೇವರಿಗೆ ಸಕ್ಕರೆ ಒಪ್ಪಿಸಿ ಓದಿಸದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಮಗುವಿಗೆ ಜ್ವರ ಬಂತೋ, ಎಮ್ಮೆ ಕಳೆಯಿತೋ, ತಾಯಂದಿರು ಹರಕೆ ಹೊರುತ್ತಿದ್ದರು. ಸಣ್ಣ ಕಷ್ಟಕ್ಕೆ ಸಕ್ಕರೆ, ದೊಡ್ಡ ಕಷ್ಟಕ್ಕೆ ಹುಲಿ. ಅಂದರೆ ಮನೆಯ ಗಂಡಸು ಮೈಗೆಲ್ಲ ಹುಲಿಯ ಬಣ್ಣ ಹಾಕಿಸಿಕೊಂಡು, ಹಲಗೆಯ ಬಡಿತಕ್ಕೆ ಬೀದಿಬೀದಿ ಕುಣಿದು, ದೇವರ ಮುಂದೆ ಹರಕೆ ಒಪ್ಪಿಸಬೇಕು.

ಆ ಬಣ್ಣ ಬರೆಯುವವನು ದಾದಾಪೀರ. ಹತ್ತಿ ಹಿಂಜುವ ಪಿಂಜಾರ, ವರ್ಷಕ್ಕೊಮ್ಮೆ ಹುಲಿ ಬರೆಯುವ ಕಲಾವಿದ. ಎರಡು ವರ್ಷದಿಂದ ಅವನ ಕೈ ನಡುಗುತ್ತಿದ್ದುದರಿಂದ ಹುಲಿಗಳಿಗೆ ಪಟ್ಟೆಯ ಬದಲು ಅಲೆ ಬರುತ್ತಿತ್ತು. ಅವನು ಮೂಕಣ್ಣನ ಆನೆಯನ್ನು ಕಂಡು, ಆರು ಕಾಲನ್ನು ಎಣಿಸಿಯೂ ತಕರಾರು ಮಾಡದೆ, ಕುಂಚ ಅವನ ಕೈಗೆ ಕೊಟ್ಟಿದ್ದ. ಹಾಗಾಗಿ ಹಬ್ಬದ ಬೆಳಿಗ್ಗೆ ದಾದಾಪೀರನ ಹಿತ್ತಲ ಚಪ್ಪರದಲ್ಲಿ ಹಳದಿ ಪುಡಿಗೆ ಎಣ್ಣೆ ಕಲಸುತ್ತ, ದೀಪದ ಕಾಡಿಗೆ ಅರೆಯುತ್ತ ಮೂಕಣ್ಣ ಕೂತಿದ್ದ. ಎರಡು ಹುಲಿಗಳು ಬರೆಸಿಕೊಂಡು ಬಿಸಿಲಲ್ಲಿ ಕೈ ಅಗಲಿಸಿ ಒಣಗುತ್ತಿದ್ದವು. ಮೂರನೆಯವನು ಬರಬೇಕಿತ್ತು.

ಹಿತ್ತಲ ಬಾಗಿಲು ಒಂದಿಷ್ಟೇ ತೆರೆಯಿತು. ತಲೆಯ ಮೇಲೆ ಟವೆಲು ಹೊದ್ದು, ಮುಖ ಮರೆಸಿಕೊಂಡು ಒಳಗೆ ಬಂದವರು ಉಜ್ಜಿನಪ್ಪ ಮೇಷ್ಟ್ರು.

ಮೇಷ್ಟ್ರು ಮೂಕಣ್ಣನನ್ನು ಕಂಡರು. ಮೂಕಣ್ಣ ಮೇಷ್ಟ್ರನ್ನು ಕಂಡ. ಮೇಷ್ಟ್ರು ಹಿಂದಕ್ಕೆ ತಿರುಗಿ ಬಾಗಿಲು ಹಿಡಿದರು.

"ಎಲ್ಲಿಗಿ ಹೊಂಟ್ರಿ ಮಾಸ್ತರ? ಕುಂದರ್ರಿ" ಎಂದು ದಾದಾಪೀರ ತೋಳು ಹಿಡಿದು ಕೂರಿಸಿದ. "ನನ್ನ ಕೈ ನಡುಗ್ತಾವ. ಈ ಹುಡುಗ ಮಸ್ತ್ ಬರೀತಾನ."

ವಿಷಯ ಇಷ್ಟು. ಹೋದ ಮಳೆಗಾಲದಲ್ಲಿ ಮೇಷ್ಟ್ರ ಮೂರು ವರ್ಷದ ಮಗನಿಗೆ ವಿಷಮಶೀತ ಜ್ವರ ಬಂದು ಬದುಕುವ ಆಸೆಯೇ ಹೋಗಿತ್ತು. ಆಗ ಅವರ ಹೆಂಡತಿ ಸಂಗಮ್ಮ, ಮಗು ಉಳಿದರೆ ಗಂಡನಿಗೆ ಹುಲಿ ಹಾಕಿಸುತ್ತೇನೆಂದು ಹರಕೆ ಹೊತ್ತಳು. ಗಂಡನನ್ನು ಕೇಳುವಷ್ಟು ಪುರುಸೊತ್ತು ಆಗ ಯಾರಿಗಿತ್ತು? ಮಗು ಉಳಿಯಿತು.

"ಮುಖವಾಡ ಹಾಕ್ಕೊಂಡ್ರ ನಡಿಯಂಗಿಲ್ಲೇನು?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಹರಕಿ ಹುಲಿಗೆ ಮುಖವಾಡ ಇಲ್ರಿ. ಮುಖಕ್ಕೂ ಬಣ್ಣಾನ" ಎಂದ ದಾದಾಪೀರ, ಬೆಂಕಿಗೆ ಹಲಗೆ ಕಾಯಿಸಲು ಹೊರಗೆ ಹೋದ.

ಮೂಕಣ್ಣನಿಗೆ ಇಂಥ ಸಮಯ ಇನ್ನೊಮ್ಮೆ ಸಿಗುವುದಿಲ್ಲವೆಂದು ಗೊತ್ತಿತ್ತು. ಮೇಷ್ಟ್ರು ಲಂಗೋಟಿಯಲ್ಲಿ ಎದುರಿಗೆ ಕೂತಿದ್ದಾರೆ, ಕುಂಚ ತನ್ನ ಕೈಯಲ್ಲಿದೆ. ಹೆಸರು ಕಳಿಸುತ್ತೀರಾ ಎಂದು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು ತಾವೇ ಹೇಳಿದರು: "ಮೂಕಣ್ಣ, ಹುಡುಗ ಉಳೀತಲ್ಲ, ನನಗ ಅಷ್ಟು ಸಾಕು. ಈ ಮೈಗೆ ಏನರ ಬಳಿ. ಆದ್ರ ಸ್ಕೂಲ್ ಹುಡುಗರಿಗೆ ಗುರ್ತು ಸಿಗಬಾರದು ನೋಡಪ್ಪ." ಕ್ಲಾಸಿನಲ್ಲಿ ಎಂದೂ ಕೇಳದ ದನಿ ಅದು. ಮೂಕಣ್ಣ ತೆರೆದ ಬಾಯಿಯನ್ನು ಮುಚ್ಚಿಕೊಂಡು ಹಳದಿ ಬಳಿಯತೊಡಗಿದ.

ಹಳದಿ ಬಳಿಯುವ ತನಕ ಎಲ್ಲ ಸರಿಯಾಗಿತ್ತು. ಮೊದಲ ಕರಿಪಟ್ಟೆ ಎಳೆದದ್ದೇ ತಡ, ಮೇಷ್ಟ್ರೊಳಗಿನ ಮೇಷ್ಟ್ರು ಎದ್ದು ಕೂತರು.

"ಬೆಳಕು ಎಲ್ಲಿಂದ ಬರ್ತೈತಿ?"

"ಬಾಗಿಲದಿಂದ್ರಿ. ಎಡಗಡಿ."

"ಹಂಗಾದ್ರ ಎಡಗಡಿ ಪಟ್ಟಿ ತಿಳಿ ಆಗಬೇಕು. ಬಲಕ್ಕ ಹೋದಂಗ ಕಪ್ಪಾಗಬೇಕು. ಎಷ್ಟು ಸರ್ತಿ ಹೇಳೀನಿ?"

"ಮೇಷ್ಟ್ರ, ಹುಲಿ ತಿರುಗ್ತೈತ್ರಿ. ಹೂಜಿ ತಿರುಗಂಗಿಲ್ಲ."

ಮೇಷ್ಟ್ರು "ಹೇಳಿದ್ದು ಮಾಡು" ಎಂದರು. ಲಂಗೋಟಿಯಲ್ಲಿದ್ದರೂ ಮೇಷ್ಟ್ರು ಮೇಷ್ಟ್ರೇ. ಕೊನೆಗೆ ಒಪ್ಪಂದವಾಯಿತು: ಮೈ ಮೇಷ್ಟ್ರ ಪದ್ಧತಿಯಲ್ಲಿ, ಮುಖ ಮೂಕಣ್ಣನ ಪದ್ಧತಿಯಲ್ಲಿ. ಮೂಕಣ್ಣ ಎಡಗಡೆ ಬೂದು, ಬಲಗಡೆ ಕಡುಗಪ್ಪು ಪಟ್ಟೆ ಎಳೆದು ಮುಗಿಸಿದ. ಆಮೇಲೆ ಸಂಡೂರಿನ ಹುಲಿಯನ್ನು ಪೂರಾ ಮರೆತು, ಹಂಪಿಯ ಯಾಳಿಯನ್ನು ನೆನೆದು ಮುಖಕ್ಕೆ ಕೈಯಿಟ್ಟ. ಹುಬ್ಬು ಹಣೆಯ ಮೇಲಕ್ಕೆ ಹಾರಿತು. ಮೀಸೆ ಸುರುಳಿ ಸುತ್ತಿ ಕಿವಿಗೆ ಹೋಯಿತು. ಬಾಯಿಯ ಆಚೀಚೆ ಕೋರೆಹಲ್ಲು ಬಂತು.

ಮೇಷ್ಟ್ರು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಇದು ಹುಲಿ ಅಲ್ಲ" ಎಂದರು.

"ಹೌದ್ರಿ. ನೀವೂ ಅಲ್ಲ" ಎಂದ ಮೂಕಣ್ಣ.

ಮೇಷ್ಟ್ರು ಕನ್ನಡಿ ಕೆಳಗಿಟ್ಟರು. ಗುರುತು ಸಿಗಬಾರದೆಂದು ಕೇಳಿದ್ದು ತಾವೇ ತಾನೆ?

ಮೆರವಣಿಗೆ ಹೊರಟಿತು. ಮುಖದ ಕೆಲಸ ಪಾಸಾಯಿತು. ಸಂಗಮ್ಮ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ತೆಂಗಿನಕಾಯಿ ಹಿಡಿದು, ಮೂರು ಹುಲಿಗಳಲ್ಲಿ ತನ್ನದು ಯಾವುದೆಂದು ತಿಳಿಯದೆ ಬೇರೆಯವಳ ಗಂಡನಿಗೆ ಕೈಮುಗಿದಳು. ಮೈಯ ಕೆಲಸ ಮಾತ್ರ ಮೂಕಣ್ಣ ಹೇಳಿದ ಹಾಗೇ ಆಯಿತು. ಬಲಗಡೆ ನಿಂತವರು ಭೇಷ್ ಎಂದರೆ, ಎಡಗಡೆ ನಿಂತವರು "ಈ ಹುಲಿ ಒಂದು ಮಗ್ಗಲ ಜಳಕ ಮಾಡೈತಲೇ" ಎಂದು ಕೂಗಿದರು. ಬಣ್ಣದ ಡಬ್ಬಿ ಹಿಡಿದು ಹಿಂದೆ ನಡೆಯುತ್ತಿದ್ದ ಮೂಕಣ್ಣನಿಗೆ ಒಳಗೊಳಗೇ ಸಂತೋಷವಾಯಿತು, ಸುಳ್ಳೇಕೆ ಹೇಳಬೇಕು.

ಚೌಕಕ್ಕೆ ಬಂದಾಗ ಪದ್ಧತಿಯಂತೆ ನಡುವೆ ಒಂದು ಮೇಕೆ ಮರಿ ಕಟ್ಟಿದ್ದರು. ಹುಲಿಗಳು ಒಂದೊಂದಾಗಿ ಸುತ್ತು ಹಾಕಿ, ಮರಿಯ ಮೇಲೆ ಹಾರಿದಂತೆ ಮಾಡಿ, ಎತ್ತಿ ಕುಣಿದು ಇಳಿಸಬೇಕು. ಮೊದಲ ಎರಡು ಹುಲಿಗಳ ಆಟ ಮುಗಿಯಿತು. ಮೇಷ್ಟ್ರ ಹುಲಿ ಬಂತು. ಶಾಲೆಯ ಹುಡುಗರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ಹುಲಿ ಬಲಕ್ಕೆ ಹೆಜ್ಜೆ ಹಾಕಿತು, ಎಡಕ್ಕೆ ಹಾಕಿತು, ಹಲಗೆಯ ಬಡಿತ ಏರಿತು. ಆ ಹೊತ್ತಿಗೆ ಮೇಕೆ ಮರಿ ಬೆದರಿ, ಅಲುಗಾಡದೆ, ಕತ್ತು ಸ್ವಲ್ಪ ಎತ್ತಿ ನಿಂತುಬಿಟ್ಟಿತು.

ಎದುರಿಗೆ ಒಂದು ವಸ್ತು ಅಲುಗಾಡದೆ ನಿಂತಿತ್ತು. ಹುಲಿ ತಾನೂ ನಿಂತಿತು. ಎಡಗಣ್ಣು ಮುಚ್ಚಿತು. ಬಲಗೈ ಉದ್ದಕ್ಕೆ ಚಾಚಿ ಹೆಬ್ಬೆರಳು ಎತ್ತಿತು. ಹೆಬ್ಬೆರಳನ್ನು ಮೇಲೆ ಕೆಳಗೆ ಸರಿಸಿ ಮರಿಯ ಕತ್ತಿಗೂ ಕಾಲಿಗೂ ಅಳತೆ ನೋಡಿತು.

ಗಾಳೆಪ್ಪ ಎದ್ದು ನಿಂತ. "ಲೇ ಲೇ, ಇದು ನಮ್ಮ ಡ್ರಾ..."

ಮೂಕಣ್ಣನಿಗೆ ಗಿರಣಿಯ ಸದ್ದು ಮತ್ತೆ ಕೇಳಿತು. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಸಂಗಮ್ಮನ ಸೊಂಟದ ಮೇಲೆ ಕೂತು ಹುಲಿಯನ್ನು ಕಂಡು ಕೈ ತಟ್ಟುತ್ತಿದ್ದ ಮಗು, ಅದರ ಇನ್ನೂ ತುಂಬದ ಕೆನ್ನೆ. ಈ ಮನುಷ್ಯ ನಗೆಪಾಟಲಾಗಬಾರದು ಎನ್ನಿಸಿತು. ಹೊಟ್ಟೆಯ ಆಳದಿಂದ ದನಿ ತೆಗೆದು ಕೂಗಿದ: "ಹುಲಿ ಗುರಿ ಹಿಡಿಯಾಕತ್ತೈತಿ! ಹಾರ್ತೈತೀಗ! ಹಿಂದಕ್ಕ ಸರೀರಿ, ಹಿಂದಕ್ಕ!"

ಮುಂದಿನ ಸಾಲು ಹೋ ಎಂದು ಹಿಂದಕ್ಕೆ ಬಿತ್ತು. ಗಾಳೆಪ್ಪ ಅದರ ಅಡಿಗೆ ಸಿಕ್ಕಿಬಿದ್ದ. ದಾದಾಪೀರ ಹಲಗೆಯವರಿಗೆ ಕಣ್ಣು ಹೊಡೆದ, ಬಡಿತ ನಿಧಾನವಾಗಿ ಒಂದೊಂದೇ ಆಯಿತು. ಹುಲಿ ಹೆಬ್ಬೆರಳು ಇಳಿಸಿ ಒಂದೇ ನೆಗೆತಕ್ಕೆ ಮರಿಯನ್ನು ಎತ್ತಿಕೊಂಡಿತು. ಚೌಕವೆಲ್ಲ ಸಿಳ್ಳೆ. ಇದನ್ನು ಕಂಡ ಮೊದಲೆರಡು ಹುಲಿಗಳು ನಾವೇನು ಕಡಿಮೆ ಎಂದು ಮತ್ತೆ ಕಣಕ್ಕಿಳಿದು, ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿದವು. ಒಂದಂತೂ ಗಡಿಬಿಡಿಯಲ್ಲಿ ಎರಡೂ ಕಣ್ಣು ಮುಚ್ಚಿ ಹಾರಿ ಹಲಗೆಯವನ ಮೇಲೆ ಬಿತ್ತು. ಮುಂದಿನ ವರ್ಷದಿಂದ ಆ ಓಣಿಯ ಹುಲಿಗಳೆಲ್ಲ ಹಾರುವ ಮೊದಲು ಅಳತೆ ನೋಡತೊಡಗಿದವು, ಕೇಳಿದರೆ ಅಜ್ಜನ ಕಾಲದ ಪದ್ಧತಿ ಎಂದು ಹೇಳತೊಡಗಿದವು.

ಸೋಮವಾರ ಡ್ರಾಯಿಂಗ್ ಕ್ಲಾಸು. ಮೇಷ್ಟ್ರು ಕರಿ ಕೋಟು ತೊಟ್ಟು ಬಂದರು. ಸೀಗೆಕಾಯಿ, ಕಡ್ಲೆಹಿಟ್ಟು ಏನು ತಿಕ್ಕಿದ್ದರೋ, ಬಲಗಿವಿಯ ಹಿಂದೆ ಒಂದಿಷ್ಟು ಹಳದಿ ಉಳಿದೇ ಇತ್ತು. ಅವರು ಹೂಜಿಯನ್ನು ಮೇಜಿನ ಮೇಲಿಟ್ಟು ಬೋರ್ಡಿನ ಕಡೆ ತಿರುಗಿದ್ದೇ ತಡ, ಹಿಂದಿನ ಬೆಂಚಿನಿಂದ ಗಾಳೆಪ್ಪ ಸಣ್ಣಗೆ ಗುರುಗುಟ್ಟಿದ. ಮೂಕಣ್ಣ ಕಣ್ಣು ಮುಚ್ಚಿಕೊಂಡ. ಎಲ್ಲ ಮುಗಿಯಿತು ಎಂದುಕೊಂಡ.

ಮೇಷ್ಟ್ರು ನಿಧಾನವಾಗಿ ತಿರುಗಿದರು. "ಯಾರದು?"

ಇಡೀ ಕ್ಲಾಸು ಹೂಜಿಯನ್ನೇ ದಿಟ್ಟಿಸತೊಡಗಿತು.

"ಹುಲಿ ಹಂಗ ಕೂಗಂಗಿಲ್ಲ. ಅದು ಬೆಕ್ಕು" ಎಂದರು ಮೇಷ್ಟ್ರು. ಸೀಮೆಸುಣ್ಣ ಕೆಳಗಿಟ್ಟರು. ಕೋಟಿನ ಗುಂಡಿ ಬಿಚ್ಚಿದರು. ಆಮೇಲೆ ಆ ಮಿತಭಾಷಿಯ ಎದೆಯಿಂದ ಹೊರಟ ಗರ್ಜನೆಗೆ ಗಾಳೆಪ್ಪ ಬೆಂಚಿನಿಂದ ಕೆಳಗೆ ಬಿದ್ದ, ಪಕ್ಕದ ಕ್ಲಾಸಿನಲ್ಲಿ ಮಗ್ಗಿ ನಿಂತುಹೋಯಿತು, ಹೆಡ್‌ಮಾಸ್ತರು ಚಪ್ಪಲಿ ಬಿಟ್ಟು ಓಡಿ ಬಂದರು. "ಏನ್ರಿ ಅದು?"

"ಡ್ರಾಯಿಂಗ್ ಕ್ಲಾಸ್ ಸಾರ್" ಎಂದರು ಮೇಷ್ಟ್ರು.

ಅದಾದ ಮೇಲೆ ಆ ಕ್ಲಾಸಿನ ಒಬ್ಬ ಹುಡುಗನೂ ಮೇಷ್ಟ್ರ ವಿಷಯ ಹೊರಗೆ ಬಾಯಿಬಿಡಲಿಲ್ಲ, ಗಾಳೆಪ್ಪನೂ ಸೇರಿ. ಅಂಥ ಮೇಷ್ಟ್ರನ್ನು ಯಾರು ಬಿಟ್ಟುಕೊಡುತ್ತಾರೆ?

ಹೆಡ್‌ಮಾಸ್ತರು ಹೋದ ಮೇಲೆ ಮೇಷ್ಟ್ರು ಕರೆದರು: "ಮೂಕಣ್ಣ, ಬಾ ಇಲ್ಲಿ. ಹೂಜಿ ತಿರುಗಂಗಿಲ್ಲ ಅಂದೆಲ್ಲ, ತಿರುಗಸು."

ಮೂಕಣ್ಣ ಹೂಜಿಯ ಕತ್ತು ಹಿಡಿದು ನಿಧಾನವಾಗಿ ತಿರುಗಿಸಿದ. ಹೂಜಿಯ ಹೊಟ್ಟೆಯ ಮೇಲಿದ್ದ ಸೀಳು ಸುತ್ತಿ ಆಚೆ ಹೋಯಿತು, ಮಸಿಯ ಕಲೆ ಈಚೆ ಬಂತು. ನೆರಳು ಮಾತ್ರ ಕಿಟಕಿಯ ವಿರುದ್ಧದ ಬದಿಯಲ್ಲೇ, ಇದ್ದಲ್ಲೇ ಇತ್ತು. ಮತ್ತೆ ತಿರುಗಿಸಿದ. ಮತ್ತೂ ಅಲ್ಲೇ. ವರ್ಷವಿಡೀ ಎದುರಿಗೆ ಕೂತಿದ್ದ ಹೂಜಿಯನ್ನು ಅವನು ಮೊದಲ ಸಲ ನೋಡಿದ.

"ನೆರಳು ಹೂಜಿದಲ್ಲ, ಬೆಳಕಿಂದು" ಎಂದರು ಮೇಷ್ಟ್ರು, ಇಡೀ ಕ್ಲಾಸಿಗೆ ಕೇಳುವಂತೆ. ಆಮೇಲೆ ಅವನೊಬ್ಬನಿಗೆ ಕೇಳುವಂತೆ, "ಅವತ್ತು ನಾ ಹೇಳಿದ್ದು ತಪ್ಪು. ಬಿಸಲಾಗ ನಡಿಯೋ ಹುಲಿಗೆ ನಾವು ನೆರಳು ಬರೀಬಾರದು, ಅದನ್ನ ಬಿಸಲೇ ಬರೀತೈತಿ. ಹೋಗು, ಕುಂದ್ರು, ಬರಿ."

ಮೂಕಣ್ಣ ಕೂತು ಬರೆದ. ಗಂಟೆ ಬಾರಿಸುವ ತನಕ ಒಂದು ಮಾತಾಡಲಿಲ್ಲ, ಪಕ್ಕದವನು ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದ. ಕಪ್ಪೆ ಬರಲಿಲ್ಲ. ಹೂಜಿಯ ಸೀಳು ಬಂತು, ಮಸಿಯ ಕಲೆ ಬಂತು, ನೆರಳು ಬಂತು. ಮೇಷ್ಟ್ರು ಆ ಹಾಳೆಯನ್ನು ಕೈಗೆತ್ತಿಕೊಂಡು, ಎಡಗಣ್ಣು ಮುಚ್ಚಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಪೆನ್ಸಿಲ್ ಕೆತ್ತಿ ಇಟಗೋ. ನಿನ್ನ ಹೆಸರು ಕಳಸ್ತೀನಿ" ಎಂದರು.

ಬಳ್ಳಾರಿಯ ಪರೀಕ್ಷಾ ಕೋಣೆಯಲ್ಲಿ ಒಬ್ಬ ಹುಡುಗ ಹೆಬ್ಬೆರಳು ಚಾಚಿ ಅಳತೆ ನೋಡುವಾಗ ತನಗೇ ತಿಳಿಯದಂತೆ ಗುರುಗುಟ್ಟುತ್ತಿದ್ದನೆಂದು ಕಾವಲಿಗಿದ್ದವರು ಎರಡು ಸಲ ಎದ್ದು ಬಂದರಂತೆ. ಅದು ಅಂಕಕ್ಕೆ ಅಡ್ಡಿಯಾಗಲಿಲ್ಲ. ಬೇಸಿಗೆಯಲ್ಲಿ ಮುದ್ರೆಯ ಕಾಗದ ಕಂಪ್ಲಿಗೆ ಬಂತು. ದೊಡ್ಡಬಸಪ್ಪನವರು ಅದಕ್ಕೆ ಕಟ್ಟು ಹಾಕಿಸಿ ಗಿರಣಿಯಲ್ಲಿ ತೂಗುಹಾಕಿ, ಕುಂಕುಮ ಹಚ್ಚಿ ಕೈಮುಗಿದರು.

ಆ ವಾರವೇ ಗಿರಣಿಯ ದೊಡ್ಡ ಗೋಡೆಯ ಮೇಲೆ ಆಳೆತ್ತರದ ಒಂದು ಹುಲಿ ಎದ್ದು ನಿಂತಿತು. ಮೈಗೆ ಹಳದಿ, ಎರಡೂ ಬದಿಗೆ ಒಂದೇ ಸಮ ಕರಿಪಟ್ಟೆ, ಹೊಟ್ಟೆಯ ಕೆಳಗೂ ಪೂರ್ತಿ. ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿತ್ತು. ಮುಖ ಮಾತ್ರ ಯಾಳಿಯದಾಗಿರಲಿಲ್ಲ. ಮೂಕಣ್ಣ ಆ ಮುಖವನ್ನು ಕ್ಲಾಸಿನಲ್ಲಿ ಕಣ್ಣಾರೆ ಕಂಡ ಹಾಗೇ ಬರೆದಿದ್ದ, ಬಲಗಿವಿಯ ಹಿಂದೆ ಉಳಿದ ಹಳದಿಯ ಸಮೇತ.

ದೊಡ್ಡಬಸಪ್ಪನವರು ಮಾತು ಕೊಟ್ಟಿದ್ದರಲ್ಲ, ಬಯ್ಯುವ ಹಾಗಿರಲಿಲ್ಲ. ಬಹಳ ಹೊತ್ತು ಗೋಡೆಯ ಮುಂದೆ ನಿಂತು ನೋಡಿದರು. "ಅಲ್ಲಲೇ, ಈ ಹುಲಿ ಮುಖ ಎಲ್ಲೋ ನೋಡಿದಂಗೈತಲ್ಲ. ಯಾರ್ದಿದು?" ಎಂದು ಕೇಳಿದರು.

ಮೂಕಣ್ಣ ಕುಂಚ ತೊಳೆಯುತ್ತ ಕೂತ. ಅಪ್ಪ ಮತ್ತೊಮ್ಮೆ ಕೇಳಿದರು. ಅವನು ಬಾಯಿ ಬಿಡಲಿಲ್ಲ.